12 ಮಿಲಿಮೀಟರಿನಷ್ಟು ನೆಮ್ಮದಿ

ಕಾಗದದ ಮೇಲೆ 100 ಮಿಲಿಮೀಟರ್ ಉದ್ದದ ಒಂದು ಗೆರೆ. ಎಡತುದಿ ಎಂದರೆ ನೋವೇ ಇಲ್ಲ, ಬಲತುದಿ ಎಂದರೆ ತಾಳಲಾರದ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೆ ಊರಿದ ಮೊದಲ ಹೆಜ್ಜೆ ಎಷ್ಟು ನೋಯಿತು ಎಂಬುದಕ್ಕೆ ತಕ್ಕಂತೆ ಆ ಗೆರೆಯ ಮೇಲೆ ಒಂದು ಗುರುತು ಹಾಕಬೇಕು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋಯೆಲ್ ರ‍್ಯಾಡ್‌ಫೋರ್ಡ್ ಮತ್ತು ಅವರ ಜೊತೆಗಾರರು 92 ಜನರಿಂದ ಇಂಥ ಗುರುತು ಹಾಕಿಸಿದರು. ಎಲ್ಲರೂ ಹಿಮ್ಮಡಿ ನೋವಿನವರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಅಂಗಾಲಿಗೆ ಹಿಗ್ಗದ ಬಿಳಿ ಟೇಪು ಅಂಟಿಸಿದರು, ಇನ್ನೊಂದಕ್ಕೆ ಅಂಟಿಸಲಿಲ್ಲ. ಎರಡೂ ಗುಂಪಿನವರ ಹಿಮ್ಮಡಿಯ ಮೇಲೆ ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ಆಡಿಸಿದರು, ಆದರೆ ಯಂತ್ರದಿಂದ ಚಿಕಿತ್ಸೆಯ ತರಂಗಗಳು ಹೊರಡುತ್ತಿರಲಿಲ್ಲ. ಏನೋ ಚಿಕಿತ್ಸೆ ಸಿಕ್ಕಿತೆಂಬ ಸಮಾಧಾನ ಎರಡೂ ಕಡೆ ಇರಲಿ ಎಂಬುದು ಉದ್ದೇಶ. ವಾರ ಕಳೆದ ಮೇಲೆ ಮತ್ತೆ ಗೆರೆ, ಮತ್ತೆ ಗುರುತು. ಟೇಪು ಹಾಕಿಸಿಕೊಂಡವರ ಗುರುತು ಉಳಿದವರದಕ್ಕಿಂತ ಸರಾಸರಿ 12.3 ಮಿಲಿಮೀಟರ್ ಎಡಕ್ಕಿತ್ತು. ಈ ಅಧ್ಯಯನ ಪ್ರಕಟವಾದದ್ದು 2006ರಲ್ಲಿ.

ಹನ್ನೆರಡು ಮಿಲಿಮೀಟರ್ ದೊಡ್ಡದೋ, ಸಣ್ಣದೋ? ಅಂಕಿಅಂಶದ ಲೆಕ್ಕದಲ್ಲಿ ಆ ಸಂಖ್ಯೆಯ ಆಚೀಚೆ ಒಂದು ಅಂಚು ಇದೆ: ಟೇಪಿನ ನಿಜವಾದ ಲಾಭ 2 ಮಿಲಿಮೀಟರಿನಷ್ಟು ಅತ್ಯಲ್ಪವೂ ಆಗಿರಬಹುದು, 22 ಮಿಲಿಮೀಟರಿನಷ್ಟು ಗಣನೀಯವೂ ಆಗಿರಬಹುದು. ಮೊದಲ ಹೆಜ್ಜೆಯ ನೋವನ್ನು ಬಿಟ್ಟು ಕಾಲಿನ ಒಟ್ಟಾರೆ ನೋವು, ಓಡಾಟ, ಪಾದದ ಆರೋಗ್ಯ ಎಂದೆಲ್ಲ ಕೇಳಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಲಾಭ, ಒಂದು ವಾರದ ಲಾಭ, ಮುಖ್ಯವಾಗಿ ಬೆಳಗಿನ ಮೊದಲ ಹೆಜ್ಜೆಯ ಲಾಭ. ಹಾಗಿದ್ದರೂ ಈ ಅಧ್ಯಯನದ ಬಗ್ಗೆ ನನಗೆ ತುಂಬ ಗೌರವವಿದೆ. ಹಿಮ್ಮಡಿ ನೋವಿಗೆಂದು ಮಾರುವ ವಸ್ತುಗಳು ಕೊಡುವ ಭರವಸೆ ಬಹಳ, ಅಳೆದು ತೋರಿಸಿದ ಲಾಭ ಕಡಿಮೆ. ಇಲ್ಲಿ ಲಾಭ ಕಡಿಮೆಯೇ ಇರಬಹುದು, ಆದರೆ ಅಳೆದದ್ದು. ಅದು ಎಲ್ಲಿಂದ ಬಂತು ಎಂಬುದು ಗೊತ್ತಾದರೆ ಅದನ್ನು ಯಾವುದಕ್ಕೆ ಬಳಸಬೇಕು ಎಂಬುದೂ ಗೊತ್ತಾಗುತ್ತದೆ. ಅದಕ್ಕೆ ಮೊದಲು ಅಂಗಾಲಿನ ಒಳಗೆ ನೋಡಬೇಕು.

ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಸಪಾಟಾಗಿ ನೆಲಕ್ಕೆ ಹರಡಿಕೊಂಡಿಲ್ಲ, ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವೆ ಕಮಾನಿನಂತೆ ಎದ್ದು ನಿಂತಿವೆ. ಒದ್ದೆ ಕಾಲಿನಲ್ಲಿ ಒಣ ನೆಲದ ಮೇಲೆ ನಡೆದರೆ ಹೆಜ್ಜೆಗುರುತಿನ ಒಳಮಗ್ಗುಲು ಖಾಲಿ ಉಳಿಯುವುದು ಇದರಿಂದಲೇ. ಮೇಲಿನಿಂದ ದೇಹದ ಭಾರ ಬಿದ್ದಾಗ ಕಮಾನಿನ ಎರಡು ತುದಿಗಳೂ ದೂರ ಸರಿಯಲು ನೋಡುತ್ತವೆ. ಹಾಗೆ ಸರಿಯದಂತೆ ಅವನ್ನು ಕೆಳಗಿನಿಂದ ಕಟ್ಟಿಹಿಡಿಯುವುದು ಗಟ್ಟಿಯಾದ ಒಂದು ನಾರುಪಟ್ಟಿ. ಹಿಮ್ಮಡಿ ಮೂಳೆಯ ತಳದಲ್ಲಿ, ಒಳಮಗ್ಗುಲಿಗೆ, ಒಂದು ಸಣ್ಣ ಉಬ್ಬಿದೆ. ಪಟ್ಟಿ ಅಲ್ಲಿ ಹುಟ್ಟಿ, ಅಂಗಾಲಿನುದ್ದ ಮುಂದೆ ಬಂದು, ಐದು ಕವಲಾಗಿ ಐದೂ ಬೆರಳುಗಳ ಬುಡಕ್ಕೆ ಸೇರುತ್ತದೆ. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಇದು ಮಾಂಸಖಂಡವಲ್ಲ, ತಾನಾಗಿ ಕುಗ್ಗುವ ಶಕ್ತಿ ಇದಕ್ಕಿಲ್ಲ. ಬಹುಪಾಲು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು, ಒತ್ತೊತ್ತಾಗಿ ಒಂದೇ ದಿಕ್ಕಿಗೆ ಹಾಸಿಕೊಂಡಿವೆ.

ಕುಳಿತಲ್ಲೇ ಒಂದು ಪರೀಕ್ಷೆ ಮಾಡಬಹುದು. ಪಾದವನ್ನು ನೆಲದ ಮೇಲಿಟ್ಟು ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ. ಪಾದದ ಒಳಮಗ್ಗುಲಿನ ಕಮಾನು ಎತ್ತರವಾಗುವುದು ಕಾಣುತ್ತದೆ. ಅಂಗಾಲನ್ನು ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಎದ್ದ ಒಂದು ಎಳೆ ಕೈಗೆ ಸಿಗುತ್ತದೆ. ಇಂಗ್ಲೆಂಡಿನ ಜೆ. ಎಚ್. ಹಿಕ್ಸ್ 1954ರಲ್ಲಿ ಇದರ ಹಿಂದಿನ ಯಂತ್ರಶಾಸ್ತ್ರವನ್ನು ಬಿಡಿಸಿಟ್ಟರು. ಬಾವಿಯ ಹಗ್ಗ ರಾಟೆಯನ್ನು ಬಳಸಿ ಹೋಗುವ ಹಾಗೆ ನಾರುಪಟ್ಟಿ ಬೆರಳ ಬುಡದ ಗುಂಡನೆಯ ಮೂಳೆತಲೆಯನ್ನು ಬಳಸಿ ಹೋಗುತ್ತದೆ. ಬೆರಳು ಮೇಲಕ್ಕೆ ಬಾಗಿದಾಗ ಪಟ್ಟಿ ಆ ಮೂಳೆತಲೆಗೆ ಸುತ್ತಿಕೊಂಡು ಜಗ್ಗುತ್ತದೆ, ಹಿಮ್ಮಡಿ ಬೆರಳ ಬುಡದ ಕಡೆಗೆ ಎಳೆದುಕೊಳ್ಳುತ್ತದೆ, ಕಮಾನು ಏಳುತ್ತದೆ. ಪ್ರತಿ ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ನೆಲ ಬಿಟ್ಟು, ಭಾರವೆಲ್ಲ ಬೆರಳ ಬುಡಕ್ಕೆ ಬಂದು, ಬೆರಳುಗಳು ಹಿಂದಕ್ಕೆ ಬಾಗುವ ಗಳಿಗೆಯಲ್ಲಿ ಇದೇ ಆಗುತ್ತದೆ. ಅಲ್ಲಿಯವರೆಗೆ ಮೆತ್ತಗೆ ನೆಲದ ಏರುತಗ್ಗಿಗೆ ಹೊಂದಿಕೊಳ್ಳುತ್ತಿದ್ದ ಪಾದ ಆ ಕ್ಷಣಕ್ಕೆ ಬಿಗಿಯಾದ ಸನ್ನೆಗೋಲಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ. ಇದಕ್ಕೆ ಯಾವ ಸ್ನಾಯುವೂ ಬೇರೆಯಾಗಿ ಶ್ರಮಪಡಬೇಕಿಲ್ಲ. ಮನುಷ್ಯ ದೇಹದಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡ ಕೆಲಸ ಮಾಡುವ ಏರ್ಪಾಡು ಇನ್ನೊಂದನ್ನು ನಾನು ಕಂಡಿಲ್ಲ.

ಅದರ ಮೇಲಿನ ಹೊರೆಯೂ ಸಣ್ಣದಲ್ಲ. 2004ರಲ್ಲಿ ಅಮೆರಿಕದ ಸಂಶೋಧಕರು ದಾನವಾಗಿ ಬಂದ ಶವಗಳ ಪಾದಗಳನ್ನು ನಡಿಗೆಯನ್ನು ಅನುಕರಿಸುವ ಯಂತ್ರಕ್ಕೆ ಜೋಡಿಸಿ ನಾರುಪಟ್ಟಿಯ ಮೇಲಿನ ಎಳೆತವನ್ನು ಅಳೆದರು. ಹೆಜ್ಜೆಯ ಕೊನೆಯ ಹಂತದಲ್ಲಿ ಅದು ದೇಹದ ತೂಕದ ಶೇ. 96ರವರೆಗೆ ಮುಟ್ಟಿತ್ತು. 65 ಕಿಲೋ ತೂಗುವವರು ನಿಧಾನವಾಗಿ ಅಂಗಡಿಗೆ ನಡೆದುಹೋದರೂ ಒಂದೊಂದು ಹೆಜ್ಜೆಗೂ ಸುಮಾರು 60 ಕಿಲೋ ತೂಗುಹಾಕಿದಷ್ಟು ಎಳೆತ ಆ ಪಟ್ಟಿಯ ಮೇಲೆ. ಓಡುವಾಗ ಕಮಾನು ತಗ್ಗಿ ಮತ್ತೆ ಚಿಮ್ಮುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಓಟದ ಪ್ರತಿ ಹೆಜ್ಜೆಯಲ್ಲಿ ದೇಹ ಕಳೆದುಕೊಂಡು ಮರಳಿ ಪಡೆಯಬೇಕಾದ ಶಕ್ತಿಯಲ್ಲಿ ಸುಮಾರು ಶೇ. 17ರಷ್ಟನ್ನು ಈ ಕಮಾನೇ ಹಿಡಿದಿಟ್ಟುಕೊಂಡು ಹಿಂತಿರುಗಿಸುತ್ತದೆ.

ಇಷ್ಟು ದುಡಿಯುವ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲಿ ಸವೆದು ನೋಯಲು ಶುರುವಾದರೆ ಅದೇ ಪ್ಲಾಂಟರ್ ಫೇಶಿಯೈಟಿಸ್. ಅದರ ಚಹರೆಯನ್ನು ಅನುಭವಿಸಿದವರಿಗೆ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯೊಳಗೆ ಮೊಳೆ ನಾಟಿದಂಥ ನೋವು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲ, ಕಾಫಿ ಕುಡಿಯುವ ಹೊತ್ತಿಗೆ ಪರವಾಗಿಲ್ಲ ಎನಿಸುವಷ್ಟು. ಬಸ್ಸಿನಲ್ಲಿ ಒಂದು ಗಂಟೆ ಕುಳಿತು ಇಳಿದರೆ ಮತ್ತೆ ಅದೇ ನೋವು. ರಾತ್ರಿ ಮಲಗಿದಾಗ ಪಾದ ಮುಂದಕ್ಕೆ ಜೋತು ಬೀಳುತ್ತದೆ, ಮೀನಖಂಡವೂ ನಾರುಪಟ್ಟಿಯೂ ಗಂಟೆಗಟ್ಟಲೆ ಕುಗ್ಗಿದ ಸ್ಥಿತಿಯಲ್ಲೇ ಇರುತ್ತವೆ. ಎದ್ದು ನಿಂತ ಕೂಡಲೇ ಇಡೀ ದೇಹದ ಭಾರ ಆ ಬಿಗಿದ ಪಟ್ಟಿಯನ್ನು ಒಮ್ಮೆಲೇ ಜಗ್ಗುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಕೊಂಚ ಹಿಗ್ಗಿ ನೋವು ತಗ್ಗುತ್ತದೆ. ಸಂಜೆಯ ವೇಳೆಗೆ ದಿನದ ಹೊರೆಯೆಲ್ಲ ಸೇರಿ ಮತ್ತೆ ನೋಯಿಸುತ್ತದೆ.

ಉರಿಯೂತ ಎಂದೇ ಬಹುಕಾಲ ಇದನ್ನು ತಿಳಿಯಲಾಗಿತ್ತು. 2003ರಲ್ಲಿ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ 50 ಪ್ರಕರಣಗಳ ಮಾದರಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದ ವರದಿ ಕೊಟ್ಟರು. ಉರಿಯೂತದಲ್ಲಿ ಮುತ್ತಿಕೊಳ್ಳುವ ಬಿಳಿರಕ್ತಕಣಗಳು ಅಲ್ಲಿ ಕಾಣಲಿಲ್ಲ. ಕಂಡದ್ದು ಒಡಕು, ಸವೆತ, ದಿಕ್ಕು ತಪ್ಪಿ ಗೋಜಲಾದ ಎಳೆಗಳು. ಅಂದರೆ ದುರಸ್ತಿಯ ವೇಗಕ್ಕಿಂತ ಸವೆತದ ವೇಗ ಹೆಚ್ಚಾದ ಅಂಗಾಂಶ. ಶಸ್ತ್ರಚಿಕಿತ್ಸೆಯವರೆಗೆ ಹೋದವರು ಬಹುದಿನಗಳ ರೋಗಿಗಳು, ಹೊಸ ನೋವಿನ ಮೊದಲ ವಾರಗಳ ಚಿತ್ರ ಇದಕ್ಕಿಂತ ಬೇರೆ ಇದ್ದೀತು. ಆದರೂ ಈ ತಿಳಿವಳಿಕೆ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಉರಿಯನ್ನು ಆರಿಸುವುದು ಹೇಗೆ ಎಂದು ಕೇಳುತ್ತಿದ್ದವರು, ಹೊರೆಯನ್ನು ಎಷ್ಟು ಕಾಲ, ಎಷ್ಟು ಇಳಿಸಿದರೆ ಪಟ್ಟಿ ತನ್ನನ್ನು ತಾನು ರಿಪೇರಿ ಮಾಡಿಕೊಂಡೀತು ಎಂದು ಕೇಳತೊಡಗಿದರು. ಟೇಪಿನ ಜಾಗ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಎಕ್ಸ್-ರೇ ತೆಗೆಸಿದವರಲ್ಲಿ ಅನೇಕರು "ಮೂಳೆ ಬೆಳೆದಿದೆಯಂತೆ" ಎಂದು ಹೆದರಿಕೊಂಡು ಬರುತ್ತಾರೆ. ಹಿಮ್ಮಡಿಯ ತಳದಿಂದ ಮುಳ್ಳಿನಂತೆ ಮುಂದಕ್ಕೆ ಚಾಚಿದ ಮೂಳೆಯ ಚಿತ್ರ ಹೆದರಿಸುವಂಥದ್ದೇ. ಆದರೆ ಎಂದೂ ಹಿಮ್ಮಡಿ ನೋಯದವರ ಎಕ್ಸ್-ರೇಯಲ್ಲೂ ಆ ಮುಳ್ಳು ಕಾಣುತ್ತದೆ, ನೋವು ಪೂರ್ತಿ ಹೋದವರಲ್ಲೂ ಅದು ಹಾಗೇ ಉಳಿದಿರುತ್ತದೆ. ಅದು ನೋವಿನ ಬೇರಲ್ಲ. ಈ ಒಂದು ಮಾತು ರೋಗಿಗೆ ಮೊದಲ ದಿನವೇ ತಿಳಿಯಬೇಕು, ಏಕೆಂದರೆ ಮೂಳೆ ಬೆಳೆದಿದೆ ಎಂದು ನಂಬಿದವರು ಕಾಲನ್ನು ಬಳಸಲೇ ಅಂಜುತ್ತಾರೆ.

ಈಗ ಟೇಪಿಗೆ ಬರೋಣ. 1939ರಲ್ಲಿ ಅಮೆರಿಕದ ಪಾದವೈದ್ಯ ರಾಲ್ಫ್ ಡೈ ತಮ್ಮ ವೃತ್ತಿಯ ಪತ್ರಿಕೆಯಲ್ಲಿ ಪಾದಕ್ಕೆ ಅಂಟುಪಟ್ಟಿ ಕಟ್ಟುವ ಒಂದು ಕ್ರಮವನ್ನು ವಿವರಿಸಿದರು. ಮುಂದೆ ಅದನ್ನು ಬಳಸಿದವರು ಕಣಕಾಲಿನ ಮೇಲಕ್ಕೆ ಹೋಗುವ ಭಾಗವನ್ನು ಬಿಟ್ಟು ಪಾದಕ್ಕಷ್ಟೇ ಸೀಮಿತಗೊಳಿಸಿದರು. ಈ ತಗ್ಗಿನ ಕಟ್ಟಿಗೆ ಇಂದು ಲೋ-ಡೈ ಎಂದು ಹೆಸರು. ಸಿಡ್ನಿಯ 92 ಜನರಲ್ಲಿ ಅರ್ಧದಷ್ಟು ಮಂದಿಗೆ ಹಾಕಿದ್ದು ಇದನ್ನೇ. ಟೇಪು ಎಂದರೆ ಹಿಗ್ಗದ, ಬಟ್ಟೆಯ ಮೇಲೆ ಜಿಂಕ್ ಆಕ್ಸೈಡ್ ಅಂಟು ಬಳಿದ, ಕ್ರೀಡಾಪಟುಗಳು ಬೆರಳು-ಮಣಿಕಟ್ಟುಗಳಿಗೆ ಸುತ್ತಿಕೊಳ್ಳುವ ಬಿಳಿ ಸುರುಳಿ. ಕ್ರೀಡಾಸಾಮಗ್ರಿಯ ಅಂಗಡಿಯಲ್ಲೂ ದೊಡ್ಡ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಗಾಯದ ಹತ್ತಿ ನಿಲ್ಲಿಸಲು ಅಂಟಿಸುವ ತೆಳ್ಳನೆಯ ಪೇಪರ್ ಟೇಪು ಈ ಕೆಲಸಕ್ಕೆ ಆಗದು, ಎರಡು ಹೆಜ್ಜೆಗೆ ಹರಿಯುತ್ತದೆ.

ಕಟ್ಟುವ ಕ್ರಮದಲ್ಲಿ ಜಾಣ್ಮೆ ಇದೆ. ಮೊದಲು ಕಾಲು ತೊಳೆದು ಚೆನ್ನಾಗಿ ಒರೆಸಬೇಕು, ಎಣ್ಣೆ ಅಥವಾ ಕ್ರೀಮ್ ಹಚ್ಚಿದ್ದರೆ ಟೇಪು ನಿಲ್ಲದು. ರೋಗಿ ಮಂಚದ ಮೇಲೆ ಕಾಲು ಚಾಚಿ ಪಾದವನ್ನು ಅಂಚಿನಿಂದ ಹೊರಗೆ ಇಟ್ಟುಕೊಂಡು, ಕಣಕಾಲನ್ನು ಲಂಬಕೋನದಲ್ಲಿ ನಿಲ್ಲಿಸಬೇಕು. ಪಾದ ಒಳಕ್ಕೂ ಹೊರಕ್ಕೂ ವಾಲಿರಬಾರದು. ಕಿರುಬೆರಳ ಬುಡದ ಹೊರಮಗ್ಗುಲಿನಿಂದ ಹೊರಟ ಮೊದಲ ಪಟ್ಟಿ ಪಾದದ ಅಂಚಿನಲ್ಲೇ ಹಿಂದೆ ಸಾಗಿ, ಹಿಮ್ಮಡಿಯ ಹಿಂಭಾಗವನ್ನು ಬಳಸಿ, ಒಳಮಗ್ಗುಲಿನಲ್ಲಿ ಮುಂದೆ ಬಂದು ಹೆಬ್ಬೆರಳ ಬುಡದಲ್ಲಿ ಮುಗಿಯುತ್ತದೆ. ಮುಗಿಸುವ ಮುನ್ನ ಹೆಬ್ಬೆರಳ ಬುಡದ ಗುಬ್ಬಿಯನ್ನು ಹೆಬ್ಬೆಟ್ಟಿನಿಂದ ಕೆಳಕ್ಕೆ, ಅಂಗಾಲಿನ ಕಡೆಗೆ, ಮೆಲ್ಲಗೆ ಒತ್ತಿಹಿಡಿದು ಅಂಟಿಸಬೇಕು. ಕಮಾನು ಎದ್ದು ನಿಲ್ಲುವುದು ಈ ಒತ್ತಿಗೆ. ಅವಸರದಲ್ಲಿ ಕಟ್ಟುವವರು ಬಿಟ್ಟುಬಿಡುವುದೂ ಇದನ್ನೇ. ಅಂಥದೇ ಇನ್ನೊಂದು ಪಟ್ಟಿ ಅದರ ಮೇಲೆ ಅರ್ಧ ಹೊದಿಸಿದಂತೆ. ಆಮೇಲೆ ಅಡ್ಡಪಟ್ಟಿಗಳು: ಹೊರಮಗ್ಗುಲಿನ ಅಂಚಿನಿಂದ ಹೊರಟು, ಅಂಗಾಲಿನ ಅಡಿಯಲ್ಲಿ ಹಾದು, ಒಳಮಗ್ಗುಲಿಗೆ ಬರುವಾಗ ಕಮಾನನ್ನು ತುಸು ಎತ್ತಿ ಅಂಟಬೇಕು. ಹಿಮ್ಮಡಿಯ ಮುಂದಿನಿಂದ ಬೆರಳ ಬುಡದ ಹಿಂದಿನವರೆಗೆ ಇವು ಒಂದರ ಮೇಲೊಂದು ಹೆಂಚಿನ ಸಾಲಿನಂತೆ ಹೊದ್ದುಕೊಂಡು ಅಂಗಾಲನ್ನು ಮುಚ್ಚುತ್ತವೆ. ಕೊನೆಗೆ ಮೊದಲಿನ ದಾರಿಯಲ್ಲೇ ಇನ್ನೊಂದು ಪಟ್ಟಿ ಸುತ್ತಿ ಅಡ್ಡಪಟ್ಟಿಗಳ ತುದಿಗಳನ್ನು ಬಂಧಿಸಬೇಕು. ಪಾದದ ಮೇಲ್ಭಾಗ ತೆರೆದೇ ಇರಲಿ. ನಿಂತಾಗ ಪಾದ ಅಗಲವಾಗುತ್ತದೆ, ಸುತ್ತಲೂ ಬಿಗಿದರೆ ರಕ್ತದ ಓಡಾಟಕ್ಕೆ ತೊಂದರೆ. ಕಟ್ಟಿದ ಮೇಲೆ ಎದ್ದು ನಿಂತು ಹತ್ತು ಹೆಜ್ಜೆ ಹಾಕಿ ನೋಡಬೇಕು. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ಟೇಪಿನ ಅಂಚು ಕೊರೆದರೆ ಬಿಚ್ಚಿ ಮತ್ತೆ ಕಟ್ಟಬೇಕು. ಓದಿ ಕಲಿಯುವುದಕ್ಕಿಂತ ಮೊದಲ ಸಲ ಫಿಸಿಯೋಥೆರಪಿಸ್ಟರ ಕೈಯಲ್ಲಿ ಹಾಕಿಸಿಕೊಂಡು ನೋಡಿ ಕಲಿಯುವುದು ಸುಲಭ. ತನ್ನ ಅಂಗಾಲಿಗೆ ತಾನೇ ಸರಿಯಾಗಿ ಕಟ್ಟಿಕೊಳ್ಳುವುದು ಕಷ್ಟ, ಮನೆಯವರೊಬ್ಬರು ಕಲಿತರೆ ಒಳ್ಳೆಯದು.

ಹೀಗೆ ಕಟ್ಟಿದ ಟೇಪು ಒಳಗೆ ಏನು ಮಾಡುತ್ತದೆ? ನೇರವಾದ ಉತ್ತರ, ನಾರುಪಟ್ಟಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಚರ್ಮದ ಹೊರಗಿನಿಂದ ತಾನು ಮಾಡುತ್ತದೆ. ಕಮಾನು ಕುಸಿಯುವುದನ್ನು ತಡೆದರೆ ಪಟ್ಟಿ ಹಿಗ್ಗಬೇಕಾದ ಪ್ರಮಾಣ ತಗ್ಗುತ್ತದೆ. ಟೇಪು ಹಾಕಿದ ಕೂಡಲೇ ಅಳೆದರೆ ಕಮಾನಿನ ಎತ್ತರ ಹೆಚ್ಚಿರುವುದು ಕಾಣುತ್ತದೆ. ಒತ್ತಡ ಅಳೆಯುವ ಹಾಸಿನ ಮೇಲೆ ನಡೆಸಿ ನೋಡಿದ ಅಧ್ಯಯನಗಳಲ್ಲಿ, ಅಂಗಾಲಿನ ನಡುಭಾಗದ ಒತ್ತಡ ಒಳಮಗ್ಗುಲಿನಿಂದ ಹೊರಮಗ್ಗುಲಿಗೆ ಸರಿಯುವುದೂ ಕಂಡಿದೆ. ನೋವಿರುವುದು ಒಳಮಗ್ಗುಲಿನ ಬುಡದಲ್ಲಾದ್ದರಿಂದ ಇದು ಬೇಕಾದ ದಿಕ್ಕಿನ ಬದಲಾವಣೆಯೇ.

ಆದರೆ ಇಲ್ಲೊಂದು ತೊಡಕಿದೆ, ನನಗೆ ಈ ಇಡೀ ವಿಷಯದಲ್ಲಿ ಅತಿ ಕುತೂಹಲದ್ದು ಅದೇ. ಟೇಪು ಎತ್ತಿದ ಕಮಾನು ಬಹುಕಾಲ ಹಾಗೆ ನಿಲ್ಲುವುದಿಲ್ಲ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಟೇಪು ಹಾಕಿಕೊಂಡು ಹತ್ತು ನಿಮಿಷ ಓಡಿದ ಮೇಲೆ ಅಳೆದಾಗ ಗಳಿಸಿದ ಎತ್ತರ ಬಹುಮಟ್ಟಿಗೆ ಇಳಿದುಹೋಗಿತ್ತು. ಚರ್ಮ ಜಾರುತ್ತದೆ, ಬೆವರಿಗೆ ಅಂಟು ಸಡಿಲವಾಗುತ್ತದೆ, ಬಟ್ಟೆಯ ಎಳೆ ಹಿಗ್ಗುತ್ತದೆ. ಹಾಗಾದರೆ ಒಂದು ವಾರ ಮೈಮೇಲಿದ್ದ ಟೇಪು ಏಳನೆಯ ದಿನದ ಬೆಳಿಗ್ಗೆ ನೋವನ್ನು ಹೇಗೆ ತಗ್ಗಿಸಿತು? ಸಡಿಲಾದ ಟೇಪು ಮಾಮೂಲಿ ಭಂಗಿಯಲ್ಲಿ ಎಳೆಯದಿದ್ದರೂ, ಕಮಾನು ಅತಿಯಾಗಿ ಕುಸಿಯುವ ಕೊನೆಯ ಅಂಚಿನಲ್ಲಿ ಬಿಗಿದು ತಡೆಯುತ್ತಿರಬಹುದು ಎಂಬುದು ಒಂದು ವಿವರಣೆ. ಇನ್ನೊಂದು, ನರಗಳ ಕಡೆಯಿಂದ ಬರುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಚರ್ಮದ ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳ ದಾರಿಯನ್ನು ಭಾಗಶಃ ತಡೆಯಬಲ್ಲವು. ಪೆಟ್ಟಾದ ಜಾಗವನ್ನು ನಾವು ತಾನೇತಾನಾಗಿ ಉಜ್ಜಿಕೊಳ್ಳುವುದು ಇದರಿಂದಲೇ. ಹೆಜ್ಜೆ ಹೆಜ್ಜೆಗೂ ಅಂಗಾಲಿನ ಚರ್ಮವನ್ನು ಹಿಡಿದೆಳೆಯುವ ಟೇಪು ಅಂಥ ಸ್ಪರ್ಶವನ್ನು ದಿನವಿಡೀ ಕೊಡುತ್ತದೆ. ಜೊತೆಗೆ ಕಾಲಿಗೆ ಕಟ್ಟಿದೆ ಎಂಬ ಅರಿವಿನಿಂದ ನಡೆಯುವವರು ಹೆಜ್ಜೆಯನ್ನೇ ಹುಷಾರಾಗಿ ಇಡುತ್ತಾರೆ.

ನಂಬಿಕೆಯೇ ವಾಸಿ ಮಾಡಿತೇ? ಸಿಡ್ನಿಯ ಪ್ರಯೋಗ ಈ ಅನುಮಾನವನ್ನು ಪೂರ್ತಿ ನೀಗಿಸದು, ಏಕೆಂದರೆ ತಮ್ಮ ಕಾಲಿಗೆ ಟೇಪಿದೆಯೋ ಇಲ್ಲವೋ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅದೇ 2006ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ಹೈಲ್ಯಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಸುಮಾರು 40 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಹಿಮ್ಮಡಿ ಮೂಳೆಯನ್ನು ನೆಟ್ಟಗೆ ನಿಲ್ಲಿಸುವಂತೆ ಎಳೆದು ಕಟ್ಟಿದ ಟೇಪು, ಇನ್ನೊಂದಕ್ಕೆ ನೋಡಲು ಹಾಗೇ ಇದ್ದರೂ ಎಳೆತವಿಲ್ಲದೆ ಅಂಟಿಸಿದ ಹುಸಿ ಟೇಪು, ಮೂರನೆಯದಕ್ಕೆ ಅಂಗಾಲನ್ನು ಚಾಚಿಸುವ ವ್ಯಾಯಾಮ, ನಾಲ್ಕನೆಯದಕ್ಕೆ ಏನೂ ಇಲ್ಲ. ವಾರದ ಕೊನೆಗೆ ನೋವು ಹೆಚ್ಚು ಇಳಿದದ್ದು ಎಳೆದು ಕಟ್ಟಿದವರಲ್ಲಿ. ಗುಂಪುಗಳು ಸಣ್ಣವು, ಕಟ್ಟಿದ ಕ್ರಮ ಬೇರೆ. ಆದರೂ ಅಂಟಿನ ಸ್ಪರ್ಶ ಮತ್ತು ನಂಬಿಕೆಗಳ ಆಚೆಗೆ ಎಳೆತಕ್ಕೂ ಒಂದು ಪಾಲಿದೆ ಎಂದು ಹೇಳಲು ಇದು ಆಧಾರ ಕೊಡುತ್ತದೆ. ಈ ಪ್ರಶ್ನೆಯನ್ನು ನೂರಾರು ಜನರೊಂದಿಗೆ, ತಿಂಗಳುಗಟ್ಟಲೆ ಪರೀಕ್ಷಿಸಬೇಕು ಎಂಬುದು ನನ್ನ ಆಸೆ. ಹಿಮ್ಮಡಿ ನೋವು ಪ್ರಾಣ ತೆಗೆಯುವ ಕಾಯಿಲೆಯಲ್ಲ, ಆದರೆ ಹತ್ತರಲ್ಲಿ ಒಬ್ಬರನ್ನು ಜೀವಿತದಲ್ಲಿ ಒಮ್ಮೆಯಾದರೂ ಕಾಡುತ್ತದೆ ಎಂದು ಅಂದಾಜು.

ಟಿವಿಯಲ್ಲಿ ಆಟಗಾರರ ಭುಜ, ಮಂಡಿಗಳ ಮೇಲೆ ಕಾಣುವ ನೀಲಿ, ಗುಲಾಬಿ ಬಣ್ಣದ ಹಿಗ್ಗುವ ಟೇಪು ಬೇರೆ ಜಾತಿಯದು. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಇದು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಅವರ ಭುಜದ ಮೇಲೆ ಕಂಡು ಜಗತ್ತಿನಾದ್ಯಂತ ಹೆಸರಾಯಿತು. ಚರ್ಮಕ್ಕೆ ಹಿತ, ನೀರಿಗೆ ಬಿಡದು. ಹಿಗ್ಗುವ ಗುಣದಿಂದಾಗಿಯೇ ಕಮಾನನ್ನು ಎತ್ತಿಹಿಡಿಯುವ ಬಲ ಅದಕ್ಕೆ ಕಡಿಮೆ. ಬಿಳಿ ಟೇಪಿನ ಅಂಟು ಒಗ್ಗದವರು ಬಳಸಿ ನೋಡಬಹುದು, ಅಷ್ಟೆ.

ಟೇಪು ಕೊಟ್ಟ ಕೆಲವು ದಿನಗಳ ಬಿಡುವಿನಲ್ಲಿ ಏನು ಮಾಡುತ್ತೇವೆ ಎಂಬುದೇ ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನೋವು ಕಡಿಮೆಯಾಯಿತೆಂದು ಹಳೆಯ ಓಡಾಟಕ್ಕೇ ಮರಳಿದರೆ, ಟೇಪು ಬಿಚ್ಚಿದ ಮರುದಿನ ನೋವೂ ಹಿಂತಿರುಗುತ್ತದೆ. ಆ ದಿನಗಳಲ್ಲಿ ಮಾಡಬೇಕಾದ್ದನ್ನು ಅಮೆರಿಕದ ರಾಚೆಸ್ಟರ್ ನಗರದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಹತ್ತು ತಿಂಗಳು ದಾಟಿದ ಹಟಮಾರಿ ನೋವಿನ 101 ಜನರಲ್ಲಿ ಕೆಲವರಿಗೆ ಮೀನಖಂಡವನ್ನು ಎಳೆಯುವ ಮಾಮೂಲಿ ವ್ಯಾಯಾಮ, ಉಳಿದವರಿಗೆ ನಾರುಪಟ್ಟಿಯನ್ನೇ ಗುರಿಮಾಡಿದ ವ್ಯಾಯಾಮ ಹೇಳಿಕೊಟ್ಟರು. ಎರಡನೆಯದು ಹೀಗೆ: ಹಾಸಿಗೆಯಿಂದ ಇಳಿಯುವ ಮೊದಲೇ, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ದಿಕ್ಕಿಗೆ ಬಾಗಿಸಿ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕು, ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ಪಟ್ಟಿ ಬಿಗಿದಿರುವುದನ್ನು ಖಚಿತ ಮಾಡಿಕೊಳ್ಳಬೇಕು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಎಂಟು ವಾರದ ಕೊನೆಗೆ ಈ ಗುಂಪಿನವರು ಮುಂದಿದ್ದರು. ಹಿಕ್ಸ್ ವಿವರಿಸಿದ ಯಂತ್ರವನ್ನೇ ಇಲ್ಲಿ ಕೈಯಿಂದ ಮೆಲ್ಲಗೆ ನಡೆಸಿದಂತಾಯಿತು. ನೆಲದ ಮೇಲಿನ ಮೊದಲ ಜಗ್ಗುವಿಕೆಗೆ ಮುನ್ನ ಪಟ್ಟಿಯನ್ನು ಸಿದ್ಧಗೊಳಿಸುವ ಈ ಉಪಾಯಕ್ಕೆ ಖರ್ಚೇ ಇಲ್ಲ.

ಮುಂದಿನ ಮೆಟ್ಟಿಲು ಬಲಪಡಿಸುವುದು. ಡೆನ್ಮಾರ್ಕಿನ ಮೈಕೆಲ್ ರಾಥ್ಲೆಫ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 48 ಜನರಿದ್ದರು. ಒಂದು ಗುಂಪು ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದನ್ನು ದಿನ ಬಿಟ್ಟು ದಿನ ಮಾಡಿತು, ಬಲ ಬಂದಂತೆ ಬೆನ್ನಿಗೆ ಭಾರ ಹೇರಿಕೊಂಡು ಮುಂದುವರಿಯಿತು. ಟವೆಲ್ ಬೆರಳುಗಳನ್ನು ಮೇಲಕ್ಕೆ ಬಾಗಿಸಿ ಪಟ್ಟಿಯನ್ನು ಬಿಗಿಗೊಳಿಸುತ್ತದೆ. ಮೂರು ತಿಂಗಳಿಗೆ ಈ ಗುಂಪು ಚಾಚುವ ವ್ಯಾಯಾಮದವರಿಗಿಂತ ಚೆನ್ನಾಗಿತ್ತು, ಒಂದು ವರ್ಷಕ್ಕೆ ಎರಡೂ ಸಮನಾದವು. ನೋವಿರುವ ಪಟ್ಟಿಗೆ ಬೇಕೆಂದೇ ಭಾರ ಹಾಕುವುದು ಮೊದಲು ಕೇಳಿದಾಗ ತಲೆಕೆಳಗಾದ ಮಾತು ಎನಿಸುತ್ತದೆ. ಆದರೆ ಕೊಲಾಜನ್ ಎಳೆಗಳು ತಾಳುವಷ್ಟು ಹೊರೆ ಬಿದ್ದಾಗಲೇ ಸರಿಯಾದ ದಿಕ್ಕಿಗೆ ಹಾಸಿಕೊಳ್ಳುತ್ತವೆ. ಪೂರ್ತಿ ವಿಶ್ರಾಂತಿ ಪಟ್ಟಿಯನ್ನು ಬಲಹೀನ ಮಾಡುತ್ತದೆ, ಅತಿ ಹೊರೆ ಅದನ್ನು ಹರಿದುಹಾಕುತ್ತದೆ. ಇವೆರಡರ ನಡುವಿನ ಓಣಿಯಲ್ಲಿ ನಡೆಯಲು ಬೇಕಾದ ಧೈರ್ಯವನ್ನು ಟೇಪು ಕೊಡುತ್ತದೆ.

ಟೇಪು ಬೇಡದವರೂ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಹಿಮ್ಮಡಿ ಬಿರುಕು ಬಿಟ್ಟು ಗಾಯವಾದವರು ಇದನ್ನು ಮನೆಯಲ್ಲಿ ಹಾಕಿಕೊಳ್ಳಬಾರದು. ಅಂಚು ಕೊರೆದು ಹುಣ್ಣಾದರೂ ಅವರಿಗೆ ತಿಳಿಯದೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಕಾಲೊತ್ತಿ ಶಾಖ ತೆಗೆದುಕೊಳ್ಳುವ ರೂಢಿ ಉಂಟು. ಶಾಖ ಹಿತವಾದದ್ದೇ, ಆದರೆ ಸ್ಪರ್ಶ ಮಂದವಾದ ಕಾಲಿಗೆ ಅದೂ ಇದೇ ಕಾರಣಕ್ಕೆ ಅಪಾಯ. ತುರಿಕೆ, ಕೆಂಪು, ಗುಳ್ಳೆ ಕಂಡರೆ ಯಾರೇ ಆಗಲಿ ಟೇಪು ತೆಗೆಯಬೇಕು. ತೆಗೆಯುವಾಗ ಎಣ್ಣೆ ಸವರಿ, ಚರ್ಮವನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ನಿಧಾನವಾಗಿ ಸುಲಿಯಬೇಕು. ಇನ್ನು, ಹಿಮ್ಮಡಿ ನೋವೆಲ್ಲ ನಾರುಪಟ್ಟಿಯದೇ ಆಗಿರುವುದಿಲ್ಲ. ಮಲಗಿದಾಗಲೂ ಬಿಡದ ನೋವು, ಜೋಮು ಮತ್ತು ಉರಿ, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದರೆ ಕಿರುಚುವಷ್ಟು ನೋವು, ಜ್ವರ, ಚಿಕ್ಕ ವಯಸ್ಸಿನಲ್ಲಿ ಎರಡೂ ಹಿಮ್ಮಡಿ ನೋಯುವುದರ ಜೊತೆ ಬೆಳಗಿನ ಹೊತ್ತು ಸೊಂಟ ಹಿಡಿದುಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ಟೇಪು ಹುಡುಕುವುದನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಮೂಳೆಯ ಸೀಳು, ನರದ ಒತ್ತಡ, ಬೆನ್ನುಮೂಳೆಯ ವಾತರೋಗ ಹೀಗೆ ತೋರಿಕೊಳ್ಳುವುದುಂಟು.

ಅನುಭವಿ ಫಿಸಿಯೋಗಳು ಟೇಪನ್ನು ಪರೀಕ್ಷೆಯ ಸಾಧನವಾಗಿಯೂ ಬಳಸುತ್ತಾರೆ. ಕಮಾನನ್ನು ಕೆಲವು ದಿನ ಎತ್ತಿಹಿಡಿದಾಗ ನೋವು ಇಳಿದರೆ, ಅದೇ ಕೆಲಸವನ್ನು ಪಾದರಕ್ಷೆಯೊಳಗಿನ ಒತ್ತುಹಾಸು ಮುಂದುವರಿಸೀತು ಎಂದು ಲೆಕ್ಕ. ಆಸ್ಟ್ರೇಲಿಯಾದಲ್ಲೇ 135 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾದದ ಅಚ್ಚು ತೆಗೆದು ಮಾಡಿಸಿದ ದುಬಾರಿ ಹಾಸೂ ಸಿದ್ಧವಾಗಿ ಸಿಗುವ ಹಾಸೂ ಹೆಚ್ಚುಕಡಿಮೆ ಒಂದೇ ಮಟ್ಟದ ಲಾಭ ಕೊಟ್ಟವು, ಆ ಲಾಭವೂ ಮೊದಲ ತಿಂಗಳುಗಳಲ್ಲಿ ಮಾತ್ರ. ನಮ್ಮಲ್ಲಿ ಬರಿಗಾಲಲ್ಲಿ ಮನೆಯೊಳಗಿನ ಗಟ್ಟಿ ಟೈಲ್ಸ್ ನೆಲದ ಮೇಲೆ ಓಡಾಡುವುದೇ ಹೆಚ್ಚಾದ್ದರಿಂದ ಶೂ ಒಳಗಿನ ಹಾಸು ಅಷ್ಟಾಗಿ ಒದಗುವುದಿಲ್ಲ. ಎಂಸಿಆರ್ ಚಪ್ಪಲಿಯನ್ನು ಮನೆಯೊಳಗೂ ಮೆಟ್ಟುವುದು ಸರಳ ದಾರಿ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಹುಣ್ಣಿನಿಂದ ಕಾಪಾಡಲು ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಚಪ್ಪಲಿ ಅದು.

ಯಾರಿಗೆ ಈ ನೋವು ಬರುತ್ತದೆ ಎಂಬುದನ್ನು ಇನ್ನೂ ಹೇಳಿಲ್ಲ. ಡೇನಿಯಲ್ ರಿಡಲ್ ಮತ್ತು ಸಂಗಡಿಗರು 2003ರಲ್ಲಿ 50 ರೋಗಿಗಳನ್ನು ನೋವಿಲ್ಲದ 100 ಜನರೊಂದಿಗೆ ಹೋಲಿಸಿ ನೋಡಿದರು. ಕಣಕಾಲು ಮೇಲಕ್ಕೆ ಬಾಗದಷ್ಟು ಬಿಗಿಯಾಗಿರುವುದು ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಂಡಿತು, ಅದರ ನಂತರ ಸ್ಥೂಲಕಾಯ. ಮೂರನೆಯದು, ಕೆಲಸದ ಬಹುಪಾಲು ಹೊತ್ತನ್ನು ಕಾಲ ಮೇಲೆ ಕಳೆಯುವುದು: ಅಂಥವರಲ್ಲಿ ನೋವಿನ ಸಂಭವ ಮೂರೂವರೆ ಪಟ್ಟಿಗಿಂತ ಹೆಚ್ಚು. ಕರಿಹಲಗೆಯ ಮುಂದೆ ನಿಂತ ಮೇಷ್ಟ್ರು, ವಾರ್ಡಿನಿಂದ ವಾರ್ಡಿಗೆ ನಡೆಯುವ ನರ್ಸಮ್ಮ, ಸರ್ಕಲ್ಲಿನ ಟ್ರಾಫಿಕ್ ಪೊಲೀಸ್, ಒಲೆಯ ಮುಂದೆ ನಿಂತೇ ಮೂರು ಹೊತ್ತಿನ ಅಡುಗೆ ಮಾಡುವ ತಾಯಂದಿರು, ಸೀರೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯರು. ಇವರಿಗೆ ಟೇಪು ಒಂದು ವಾರದ ಉಸಿರು ಕೊಡಬಲ್ಲದು, ನಿಲ್ಲುವ ಹೊತ್ತನ್ನು ಕಡಿಮೆ ಮಾಡಲಾರದು. ಅದನ್ನು ಮಾಡಬಲ್ಲದ್ದು ಕುರ್ಚಿ. ಕೋಳಿಕೋಡಿನ ಬಟ್ಟೆ ಅಂಗಡಿಗಳ ಕೆಲಸಗಾರ್ತಿಯರು ಪಿ. ವಿಜಿಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿ ಕೇಳಿದ್ದು ಅದನ್ನೇ. ಕೇರಳ 2018ರಲ್ಲಿ ಅಂಗಡಿಗಳ ಕಾಯ್ದೆಯನ್ನು ತಿದ್ದಿ ಕೆಲಸಗಾರರಿಗೆ ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು, ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಗಿರಾಕಿ ಇಲ್ಲದ ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತರೆ, ಆ ಹತ್ತು ನಿಮಿಷ ಅಂಗಾಲಿನ ಪಟ್ಟಿಯ ಮೇಲೆ ದೇಹದ ಭಾರವಿಲ್ಲ.